ಕೆಸರಿನ ಹದ, ಕಾಲಿನ ನಡೆ: ಮಾಂಸಾಹಾರಿ ಡೈನೋಸಾರ್‌ಗಳ ಹೆಜ್ಜೆಗುರುತುಗಳನ್ನು ಓದುವ ಬಗೆ

ಮಳೆ ಬಂದು ನಿಂತ ಅಂಗಳದಲ್ಲಿ ನಾಟಿ ಕೋಳಿಯೊಂದು ಓಡಾಡಿ ಹೋದ ಮೇಲೆ ಅದರ ಗುರುತುಗಳನ್ನು ಬಗ್ಗಿ ನೋಡಿದರೆ, ಮುಂದಕ್ಕೆ ಚಾಚಿದ ಮೂರು ಬೆರಳುಗಳೂ ಹಿಂದೆ ತಾಗಿಯೂ ತಾಗದಂತೆ ಬಿದ್ದ ಒಂದು ಚಿಕ್ಕ ಬೆರಳೂ ಕಾಣುತ್ತವೆ. ಆ ಮೂರು ಬೆರಳುಗಳಲ್ಲಿ ಒಳಬದಿಯದಕ್ಕೆ ಮೂರು ಮೂಳೆಗಳು, ನಡುವಿನದಕ್ಕೆ ನಾಲ್ಕು, ಹೊರಬದಿಯದಕ್ಕೆ ಐದು. ಟೈರನೊಸಾರಸ್‌ನ ಕಾಲಿನಲ್ಲಿಯೂ ಲೆಕ್ಕ ಇದೇ. ಎರಡು ಕಾಲಿನ ಮೇಲೆ ನಡೆಯುತ್ತಿದ್ದ, ಬಹುಪಾಲು ಮಾಂಸಾಹಾರಿಗಳೇ ಆಗಿದ್ದ ಡೈನೋಸಾರ್‌ಗಳ ಗುಂಪನ್ನು ವಿಜ್ಞಾನಿಗಳು ಥೆರೊಪಾಡ್ ಎಂದು ಕರೆಯುತ್ತಾರೆ. ಹಕ್ಕಿಗಳು ಈ ಗುಂಪಿನಿಂದಲೇ ಕವಲೊಡೆದು ಬಂದವಾದ್ದರಿಂದ, ಅಂಗಳದ ಕೋಳಿಯ ಗುರುತೂ ಕಲ್ಲಿನಲ್ಲಿ ಉಳಿದ ಇಪ್ಪತ್ತು ಕೋಟಿ ವರ್ಷ ಹಳೆಯ ಗುರುತೂ ಒಂದೇ ವಂಶದ ಕಾಲುಗಳಿಂದ ಬಿದ್ದವು.

ಥೆರೊಪಾಡ್‌ಗಳು, ಇಂದಿನ ಹಕ್ಕಿಗಳಂತೆಯೇ, ಬೆರಳುಗಳ ಮೇಲೆ ನಡೆಯುತ್ತಿದ್ದವು. ನಿಜವಾದ ಹಿಮ್ಮಡಿ ನೆಲದಿಂದ ಬಹಳ ಮೇಲಿರುತ್ತಿತ್ತು. ಗುರುತಿನಲ್ಲಿ ಹಿಮ್ಮಡಿಯಂತೆ ಕಾಣುವ ಭಾಗ ವಾಸ್ತವವಾಗಿ ಬೆರಳುಗಳ ಬುಡ. ಒಳ್ಳೆಯ ಗುರುತೊಂದರಲ್ಲಿ ಬೆರಳಿನ ಕೆಳಗಿನ ಮೆತ್ತೆಗಳೂ ಬೇರೆಬೇರೆಯಾಗಿ ಮೂಡಿರುತ್ತವೆ. ಸಾಮಾನ್ಯವಾಗಿ ಒಳಬೆರಳಿನಲ್ಲಿ ಎರಡು ಮೆತ್ತೆ, ನಡುಬೆರಳಿನಲ್ಲಿ ಮೂರು, ಹೊರಬೆರಳಿನಲ್ಲಿ ನಾಲ್ಕು ಇರುವುದರಿಂದ, ಒಂಟಿಯಾಗಿ ಸಿಕ್ಕ ಗುರುತನ್ನೂ ಎಡಗಾಲಿನದೋ ಬಲಗಾಲಿನದೋ ಎಂದು ಹೇಳಲು ಸಾಧ್ಯವಾಗುತ್ತದೆ. ಗಾತ್ರದ ವ್ಯಾಪ್ತಿಯೂ ದೊಡ್ಡದು: ಕೆಲವು ಗುರುತುಗಳು ಕೋಳಿಯ ಹೆಜ್ಜೆಗಿಂತ ಹೆಚ್ಚು ದೊಡ್ಡವಲ್ಲ, ಆದರೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ 1983ರಲ್ಲಿ ಕಂಡುಬಂದು 1994ರಲ್ಲಿ ಟೈರನೊಸಾರಿಪಸ್ ಎಂಬ ಹೆಸರು ಪಡೆದ ಗುರುತು 80 ಸೆಂಟಿಮೀಟರಿಗೂ ಹೆಚ್ಚು ಉದ್ದವಿದೆ.

ಇಷ್ಟನ್ನು ಕೇಳಿದರೆ ಹೆಜ್ಜೆಗುರುತೆಂದರೆ ಕಾಲಿನ ಅಚ್ಚು, ಅಚ್ಚನ್ನು ನೋಡಿ ಕಾಲನ್ನು ಊಹಿಸಿದರೆ ಕೆಲಸ ಮುಗಿಯಿತು ಎನ್ನಿಸಬಹುದು. ಈ ಕ್ಷೇತ್ರದಲ್ಲಿ ಎರಡು ಶತಮಾನಗಳಿಂದ ಆಗಿರುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಎಣಿಕೆಯಿಂದಲೇ. ಗುರುತಿನ ರೂಪವನ್ನು ನಿರ್ಧರಿಸುವುದರಲ್ಲಿ ಕಾಲಿನ ಆಕಾರದ ಪಾಲು ಎಷ್ಟೋ, ಆ ಕಾಲು ನೆಲವನ್ನು ಮುಟ್ಟಿ, ಒತ್ತಿ, ಮೇಲೆದ್ದ ಚಲನೆಯ ಪಾಲೂ, ಆ ಗಳಿಗೆಯಲ್ಲಿ ನೆಲಕ್ಕಿದ್ದ ಹದದ ಪಾಲೂ ಅಷ್ಟೇ ಇರುತ್ತದೆ. ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಟಿಗೆಂದು ಹದಮಾಡಿದ ಕೆಸರಿನಲ್ಲಿ ಕಾಲಿಟ್ಟರೆ ಮೊಳಕಾಲಿನವರೆಗೆ ಹೂತು, ಎತ್ತಿದೊಡನೆ ಕುಳಿ ಮುಚ್ಚಿಕೊಳ್ಳುತ್ತದೆ. ಬದುವಿನ ಪಕ್ಕದ ಅರೆಹಸಿ ಮಣ್ಣಿನಲ್ಲಿ ಅದೇ ಕಾಲಿನ ಐದು ಬೆರಳೂ ಸ್ಪಷ್ಟವಾಗಿ ಮೂಡುತ್ತವೆ. ಒಣಗಿದ ಬದುವಿನ ಮೇಲೆ ಏನೂ ಉಳಿಯುವುದಿಲ್ಲ. ಒಂದೇ ಕಾಲು, ಒಂದೇ ದಿನ, ಮೂರು ಬಗೆಯ ಸಾಕ್ಷ್ಯ.

ಗುರುತು ಕಲ್ಲಾಗಿ ಉಳಿಯಬೇಕಾದರೆ ಹಲವು ಸಂಗತಿಗಳು ಕೂಡಿಬರಬೇಕು. ಕೆರೆಯ ಅಂಚು, ನದಿಯ ಬಯಲು, ಉಬ್ಬರವಿಳಿತದ ಕಡಲತೀರದಂಥ ಕಡೆ ನೆಲ ಹದವಾಗಿರಬೇಕು. ಗುರುತು ಬಿದ್ದ ಮೇಲೆ ಅದು ಸ್ವಲ್ಪ ಗಟ್ಟಿಯಾಗಲು ಸಮಯ ಸಿಗಬೇಕು. ಬಿಸಿಲು ಈ ಕೆಲಸ ಮಾಡಬಹುದು, ಮಣ್ಣಿನ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳ ತೆಳುಪೊರೆಯೂ ಮಾಡಬಹುದು. ಆಮೇಲೆ ನೀರು ಅದನ್ನು ಅಳಿಸಿಹಾಕುವ ರಭಸದಲ್ಲಿ ಬರದೆ, ಮೆಲ್ಲಗೆ ಬಂದು ಬೇರೆ ಬಗೆಯ ಮರಳನ್ನೋ ಹೂಳನ್ನೋ ಅದರ ಮೇಲೆ ಹರಡಬೇಕು. ಮೇಲಿನ ಪದರವೂ ಕೆಳಗಿನ ಪದರವೂ ಒಂದೇ ಬಗೆಯ ಮಣ್ಣಾದರೆ ಎರಡೂ ಬೆರೆತು ಒಂದೇ ಕಲ್ಲಾಗಿಬಿಡುತ್ತವೆ. ಬೇರೆಯಾಗಿದ್ದರೆ ಮಾತ್ರ ಕೋಟ್ಯಂತರ ವರ್ಷಗಳ ನಂತರ ಅವುಗಳ ನಡುವೆ ಕಲ್ಲು ಸೀಳುತ್ತದೆ. ಹೀಗೆ ಸೀಳಿದಾಗ ಕೆಳಗಿನ ಕಲ್ಲಿನಲ್ಲಿ ಕುಳಿಯೂ ಮೇಲಿನ ಕಲ್ಲಿನ ತಳದಲ್ಲಿ ಅದರ ಉಬ್ಬಚ್ಚೂ ಸಿಗುತ್ತವೆ. ಇನ್ನೊಂದು ತೊಡಕು ಇದೆ. ಭಾರವಾದ ಪ್ರಾಣಿಯ ಕಾಲು ಮೇಲ್ಮೈಯನ್ನು ಮಾತ್ರ ಒತ್ತುವುದಿಲ್ಲ, ಅದರ ಕೆಳಗಿನ ಪದರಗಳನ್ನೂ ಬಾಗಿಸುತ್ತದೆ. ಮೇಲಿನ ಪದರ ಸವೆದುಹೋಗಿ ಕೆಳಗಿನದು ಬಯಲಾದರೆ ನಮ್ಮ ಕಣ್ಣಿಗೆ ಬೀಳುವುದು ಆ ಕಾಲು ಎಂದೂ ಮುಟ್ಟಿರದ ಪದರದ ಮೇಲಿನ ಒಂದು ಮಸುಕು ಗುರುತು. ಅದರಲ್ಲಿ ಬೆರಳುಗಳು ಮೊಂಡಾಗಿ, ಉಗುರುಗಳು ಮಾಯವಾಗಿ ಕಾಣುತ್ತವೆ. ಅದನ್ನೇ ಅಳತೆ ಮಾಡಿ ಮೊಂಡು ಬೆರಳಿನ ಪ್ರಾಣಿಯೊಂದಿತ್ತು ಎಂದು ಬರೆದರೆ ಇಲ್ಲದ ಪ್ರಾಣಿಯೊಂದನ್ನು ಸೃಷ್ಟಿಸಿದಂತಾಗುತ್ತದೆ.

ಈ ಗುರುತುಗಳ ಅಧ್ಯಯನ ಮೊದಲಾದದ್ದು ಅಮೆರಿಕದ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ. 1802ರಲ್ಲಿ ಸೌತ್ ಹ್ಯಾಡ್ಲಿ ಎಂಬಲ್ಲಿ ಪ್ಲೈನಿ ಮೂಡಿ ಎಂಬ ಹುಡುಗನಿಗೆ ಹೊಲದಲ್ಲಿ ಮೂರು ಬೆರಳಿನ ಗುರುತುಗಳಿದ್ದ ಚಪ್ಪಡಿ ಸಿಕ್ಕಿತು. ಬೈಬಲ್ಲಿನ ಮಹಾಪ್ರಳಯದಲ್ಲಿ ನೋಹನು ಹಾರಿಬಿಟ್ಟ ಕಾಗೆಯ ಹೆಜ್ಜೆಗಳಿವು ಎಂದು ಜನ ಆಡಿಕೊಂಡರು. 1835ರಲ್ಲಿ ಗ್ರೀನ್‌ಫೀಲ್ಡ್ ಊರಿನಲ್ಲಿ ನೆಲಕ್ಕೆ ಹಾಸಲು ತಂದ ಮರಳುಗಲ್ಲಿನ ಚಪ್ಪಡಿಗಳ ಮೇಲೆ ಇಂಥವೇ ಗುರುತುಗಳಿರುವುದನ್ನು ವೈದ್ಯ ಜೇಮ್ಸ್ ಡೀನ್ ಅವರು ಆಮ್ಹರ್ಸ್ಟ್ ಕಾಲೇಜಿನ ಎಡ್ವರ್ಡ್ ಹಿಚ್‌ಕಾಕ್ ಅವರಿಗೆ ಪತ್ರ ಬರೆದು ತಿಳಿಸಿದರು. ಹಿಚ್‌ಕಾಕ್ ಮರುವರ್ಷವೇ ಅವುಗಳನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು ಮತ್ತು 1864ರಲ್ಲಿ ತೀರಿಕೊಳ್ಳುವವರೆಗೂ ಗುರುತುಗಳನ್ನು ಕೂಡಿಹಾಕುತ್ತಲೇ ಇದ್ದರು. ಅವರ ತೀರ್ಮಾನದಂತೆ ಇವು ಪ್ರಾಚೀನ ಕಾಲದ ದೈತ್ಯ ಹಕ್ಕಿಗಳ ಹೆಜ್ಜೆಗಳು.

ಇಂದು ಇದನ್ನು ಕೇಳಿ ನಗುವುದು ಸುಲಭ, ಆದರೆ ನ್ಯಾಯವಲ್ಲ. ಡೈನೋಸಾರ್ ಎಂಬ ಹೆಸರಿಗೆ ಮೂಲವಾದ ಪದವನ್ನು ರಿಚರ್ಡ್ ಓವೆನ್ ಅವರು ಟಂಕಿಸಿದ್ದೇ 1842ರಲ್ಲಿ. 1824ರಲ್ಲಿ ಹೆಸರು ಪಡೆದಿದ್ದ ಮೆಗಾಲೊಸಾರಸ್ ಎಂಬ ಥೆರೊಪಾಡ್ ನಾಲ್ಕು ಕಾಲಿನ ಭಾರಿ ಹಲ್ಲಿಯಂತಿತ್ತೆಂದು ಆಗಿನವರು ಭಾವಿಸಿದ್ದರು. ಎರಡು ಕಾಲಿನ ಮೇಲೆ ನಡೆದ, ಮೂರು ಬೆರಳಿನ, ಆಳೆತ್ತರದ ಪ್ರಾಣಿ ಯಾವುದೆಂದು ಕೇಳಿದರೆ ಆ ಕಾಲದ ಯಾವ ಪ್ರಾಮಾಣಿಕ ಅಧ್ಯಯನಕಾರನೂ ಹಕ್ಕಿಯನ್ನೇ ತೋರಿಸುತ್ತಿದ್ದ. ನ್ಯೂಜಿಲೆಂಡಿನಲ್ಲಿ ಮೋವಾ ಎಂಬ ದೈತ್ಯ ಹಕ್ಕಿಯ ಮೂಳೆಗಳು ಬೆಳಕಿಗೆ ಬಂದದ್ದು ಹಿಚ್‌ಕಾಕ್ ಅವರ ವಾದಕ್ಕೆ ಬಲವನ್ನೇ ಕೊಟ್ಟಿತು. ಹಕ್ಕಿಗಳು ಥೆರೊಪಾಡ್‌ಗಳ ಸಂತತಿ ಎಂಬುದು ಈಗ ತಿಳಿದಿರುವುದರಿಂದ, ಅವರು ವಂಶವನ್ನು ಸರಿಯಾಗಿ ಗುರುತಿಸಿ ಪೀಳಿಗೆಯಲ್ಲಿ ತಪ್ಪಿದರು ಎನ್ನುವುದು ಹೆಚ್ಚು ಸರಿ.

ಹಿಚ್‌ಕಾಕ್ ಇಟ್ಟ ಯೂಬ್ರಾಂಟಿಸ್, ಗ್ರಾಲೇಟರ್ ಎಂಬ ಹೆಸರುಗಳು ಈಗಲೂ ಬಳಕೆಯಲ್ಲಿವೆ. ಮೊದಲನೆಯದು 30 ಸೆಂಟಿಮೀಟರಿನ ಆಸುಪಾಸಿನ, ದಪ್ಪ ಬೆರಳಿನ ದೊಡ್ಡ ಗುರುತು. ಎರಡನೆಯದು ನಡುಬೆರಳು ಬಹಳ ಮುಂದೆ ಚಾಚಿರುವ ಸಣ್ಣ, ತೆಳು ಗುರುತು. ಇವು ಪ್ರಾಣಿಗಳ ಹೆಸರುಗಳಲ್ಲ, ಗುರುತುಗಳ ಹೆಸರುಗಳು ಎಂಬುದನ್ನು ಓದುಗರು ಮರೆಯಬಾರದು. ಗುರುತನ್ನು ಒತ್ತಿದ ಪ್ರಾಣಿ ಅದರ ಮೇಲೆಯೇ ಸತ್ತು ಬಿದ್ದಿರುವುದು ಇಲ್ಲವೆನ್ನುವಷ್ಟು ಅಪರೂಪ. ಗುರುತನ್ನು ಕಾಪಾಡುವ ನೆಲ ಮೂಳೆಯನ್ನು ಕಾಪಾಡುವುದೂ ಅಪರೂಪವೇ. ಆದ್ದರಿಂದ ಯೂಬ್ರಾಂಟಿಸ್ ಗುರುತುಗಳನ್ನು ಬಿಟ್ಟುಹೋದದ್ದು ಡೈಲೊಫೊಸಾರಸ್‌ನಂಥ ಪ್ರಾಣಿ ಇರಬಹುದು ಎಂದು ಹೇಳುತ್ತಾರೆಯೇ ಹೊರತು ಡೈಲೊಫೊಸಾರಸ್ಸೇ ಎಂದು ಹೇಳುವುದಿಲ್ಲ. 1966ರಲ್ಲಿ ಕನೆಕ್ಟಿಕಟ್ ರಾಜ್ಯದ ರಾಕಿ ಹಿಲ್‌ನಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ಪಾಯ ತೆಗೆಯುವಾಗ ಇಂಥ ಸುಮಾರು 2,000 ಗುರುತುಗಳು ಬಯಲಾದವು. ಕಟ್ಟಡವನ್ನು ಬೇರೆಡೆಗೆ ಸಾಗಿಸಿ, ಸುಮಾರು 500 ಗುರುತುಗಳ ಮೇಲೆ ಗುಮ್ಮಟ ಕಟ್ಟಿ, ಉಳಿದವನ್ನು ಬಿಸಿಲು ಮಳೆಗಳಿಂದ ರಕ್ಷಿಸಲು ಮತ್ತೆ ಮಣ್ಣಿನಲ್ಲಿಯೇ ಮುಚ್ಚಿಟ್ಟಿದ್ದಾರೆ.

ಮೂರು ಬೆರಳಿನ ಗುರುತೆಲ್ಲ ಮಾಂಸಾಹಾರಿಯದೂ ಅಲ್ಲ. ಆರ್ನಿಥೊಪಾಡ್ ಎಂಬ ಸಸ್ಯಾಹಾರಿ ಡೈನೋಸಾರ್‌ಗಳ ಹಿಂಗಾಲಿನಲ್ಲಿಯೂ ನೆಲ ಮುಟ್ಟುತ್ತಿದ್ದುದು ಮೂರೇ ಬೆರಳು. ಥೆರೊಪಾಡ್ ಗುರುತು ಸಾಮಾನ್ಯವಾಗಿ ಅಗಲಕ್ಕಿಂತ ಹೆಚ್ಚು ಉದ್ದವಾಗಿದ್ದು, ಬೆರಳುಗಳು ಸಣ್ಣಗೆ ಚೂಪಾದ ಉಗುರಿನಲ್ಲಿ ಮುಗಿಯುತ್ತವೆ, ಬುಡ ಇಕ್ಕಟ್ಟಾಗಿರುತ್ತದೆ. ಆರ್ನಿಥೊಪಾಡ್ ಗುರುತಿನಲ್ಲಿ ಉದ್ದವೂ ಅಗಲವೂ ಹೆಚ್ಚುಕಡಿಮೆ ಸಮ, ಬೆರಳುಗಳು ಮೊಂಡು, ಬುಡ ದುಂಡು. ಪುಸ್ತಕದಲ್ಲಿ ಇದು ಸರಳ. ಆದರೆ ಕೆಸರಿನ ಹದ ಕೆಟ್ಟಾಗ, ಅಥವಾ ಸಿಕ್ಕಿರುವುದು ಕೆಳಪದರದ ಗುರುತಾದಾಗ, ಚೂಪಾದ ಉಗುರು ಮೊಂಡಾಗಿ ಕಾಣುತ್ತದೆ. ಕಾಲು ಎಳೆದುಕೊಂಡು ಹೋದಾಗ ಮೊಂಡು ಬೆರಳಿಗೂ ಚೂಪು ತುದಿ ಬಂದಂತೆ ತೋರುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ, ವಿಂಟನ್ ಪಟ್ಟಣದ ಸಮೀಪ, ಲಾರ್ಕ್ ಕ್ವಾರಿ ಎಂಬ ಜಾಗದಲ್ಲಿ ಈ ತೊಡಕು ದೊಡ್ಡ ವಿವಾದಕ್ಕೇ ಕಾರಣವಾಯಿತು. ಅಲ್ಲಿನ ಸುಮಾರು 9.5 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ 3,000ಕ್ಕೂ ಹೆಚ್ಚು ಗುರುತುಗಳಿವೆ. ಟೋನಿ ಥಲ್ಬಾರ್ನ್ ಮತ್ತು ಮೇರಿ ವೇಡ್ ಅವರು 1984ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ನೀರಿನ ಬಳಿ ಸೇರಿದ್ದ ನೂರಾರು ಸಣ್ಣ ಡೈನೋಸಾರ್‌ಗಳ ಕಡೆಗೆ ದೊಡ್ಡ ಮಾಂಸಾಹಾರಿಯೊಂದು ಬಂದಿತು, ಅವೆಲ್ಲ ದಿಕ್ಕೆಟ್ಟು ಒಂದೇ ಕಡೆಗೆ ಓಡಿದವು. ಬಂಡೆಯ ಮೇಲಿರುವುದು ಆ ಕಾಲ್ತುಳಿತದ ದಾಖಲೆ. ಕಥೆ ಜಗತ್ಪ್ರಸಿದ್ಧವಾಯಿತು. 2011ರಲ್ಲಿ ಆಂಥೊನಿ ರೊಮಿಲಿಯೊ ಮತ್ತು ಸ್ಟೀವ್ ಸಾಲ್ಸ್‌ಬರಿ ಆ ದೊಡ್ಡ ಗುರುತುಗಳನ್ನು ಮತ್ತೆ ಅಳೆದು, ಅವು ಸಸ್ಯಾಹಾರಿ ಆರ್ನಿಥೊಪಾಡ್‌ನವು ಎಂದು ವಾದಿಸಿದರು. ಎರಡು ವರ್ಷಗಳ ನಂತರ, ಸಣ್ಣ ಗುರುತುಗಳಲ್ಲಿ ಹಲವು ನೀರಿನಲ್ಲಿ ಈಜುತ್ತಿದ್ದ ಪ್ರಾಣಿಗಳ ಬೆರಳ ತುದಿ ತಳಕ್ಕೆ ಕೆರೆದು ಆದವು ಎಂದೂ ಸೇರಿಸಿದರು. ಥಲ್ಬಾರ್ನ್ ಇದನ್ನು ಬಲವಾಗಿಯೇ ಅಲ್ಲಗಳೆದರು. ನನ್ನ ಮಟ್ಟಿಗೆ, ಬೇಟೆಗಾರನ ಗುರುತೇ ಬೇಟೆಗಾರನದು ಹೌದೋ ಅಲ್ಲವೋ ಎಂಬ ಅನುಮಾನ ಇರುವಾಗ ಕಾಲ್ತುಳಿತದ ಕಥೆಯನ್ನು ಸಿದ್ಧಸತ್ಯವೆಂಬಂತೆ ಹೇಳುವುದು ಸರಿಯಲ್ಲ.

ಟೆಕ್ಸಾಸ್‌ನ ಗ್ಲೆನ್ ರೋಸ್ ಬಳಿಯ ಪಲಕ್ಸಿ ನದಿಯ ಪ್ರಕರಣ ಇನ್ನೂ ವಿಚಿತ್ರ. ಅಲ್ಲಿ ನದೀತಳದ ಸುಣ್ಣಕಲ್ಲಿನಲ್ಲಿ ಸುಮಾರು 11 ಕೋಟಿ ವರ್ಷ ಹಿಂದಿನ ಥೆರೊಪಾಡ್ ಗುರುತುಗಳಿವೆ. ಅಕ್ರೊಕ್ಯಾಂಥೊಸಾರಸ್ ಎಂಬ ಭಾರಿ ಮಾಂಸಾಹಾರಿ ಅವುಗಳನ್ನು ಒತ್ತಿರಬಹುದು. ಅದೇ ಬಂಡೆಯಲ್ಲಿ ಮನುಷ್ಯನ ಹೆಜ್ಜೆಯಂತೆ ಉದ್ದನೆಯ, ಆದರೆ ಮನುಷ್ಯನದಕ್ಕಿಂತ ದೊಡ್ಡದಾದ ಗುರುತುಗಳೂ ಇದ್ದು, ಮನುಷ್ಯರೂ ಡೈನೋಸಾರ್‌ಗಳೂ ಒಂದೇ ಕಾಲದಲ್ಲಿದ್ದರು ಎಂಬ ಪ್ರಚಾರಕ್ಕೆ ದಶಕಗಳ ಕಾಲ ಆಧಾರವಾದವು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಸ್ಥಳೀಯರು ಕೆಲವನ್ನು ಕಲ್ಲಿನಲ್ಲಿ ತಾವೇ ಕೆತ್ತಿ ಮಾರಿದ್ದೂ ಉಂಟು. ಕೆತ್ತದೆ ಇದ್ದ ನಿಜವಾದ ಗುರುತುಗಳ ಒಗಟನ್ನು 1980ರ ದಶಕದಲ್ಲಿ ಗ್ಲೆನ್ ಕ್ಯೂಬನ್ ಮೊದಲಾದವರು ಬಿಡಿಸಿದರು. ಥೆರೊಪಾಡ್ ಕೆಲವೊಮ್ಮೆ ಬೆರಳ ಮೇಲೆ ಮಾತ್ರ ನಿಲ್ಲದೆ ಪಾದದ ಹಿಂಭಾಗವನ್ನೂ ನೆಲಕ್ಕೂರಿ ನಡೆದಾಗ ಗುರುತು ಉದ್ದವಾಗುತ್ತದೆ; ಆಮೇಲೆ ಬೆರಳುಗಳ ಕುಳಿಯಲ್ಲಿ ಬೇರೆ ಹೂಳು ತುಂಬಿಕೊಂಡರೆ ಉದ್ದನೆಯ ಅಂಗಾಲು ಮಾತ್ರ ಉಳಿದು ಮನುಷ್ಯನ ಹೆಜ್ಜೆಯ ಭ್ರಮೆ ಹುಟ್ಟುತ್ತದೆ. ಬಂಡೆಯನ್ನು ತೊಳೆದು ನೋಡಿದಾಗ ತುಂಬಿದ ಹೂಳಿನ ಬಣ್ಣದ ವ್ಯತ್ಯಾಸದಲ್ಲಿ ಮೂರು ಬೆರಳುಗಳೂ ಕಾಣಿಸಿದವು.

ಅದೇ ನದಿಯಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ರೋಲಂಡ್ ಟಿ. ಬರ್ಡ್ ಅವರು 1938ರಲ್ಲಿ ಉದ್ದ ಕತ್ತಿನ ಸಸ್ಯಾಹಾರಿ ಸಾರೊಪಾಡ್‌ನ ಹೆಜ್ಜೆಸಾಲನ್ನು ಅನುಸರಿಸಿ ಬಂದಂತಿರುವ ಥೆರೊಪಾಡ್ ಹೆಜ್ಜೆಸಾಲನ್ನು ಗುರುತಿಸಿ, 1940ರಲ್ಲಿ ಬಂಡೆಯನ್ನು ತುಂಡುತುಂಡಾಗಿ ಕತ್ತರಿಸಿ ಸಾಗಿಸಿದರು. ಬೇಟೆಯ ದೃಶ್ಯವೇ ಕಲ್ಲಾಗಿದೆ ಎಂಬುದು ಅವರ ಓದು. ಎರಡೂ ಸಾಲುಗಳು ಒಂದೇ ಕಡೆಗೆ ಬಾಗುತ್ತವೆ ಎಂಬುದು ಈ ಓದಿಗೆ ಬಲ ಕೊಡುತ್ತದೆ. ಆದರೆ ಹಿಂದೆ ಬಂದದ್ದು ಐದು ನಿಮಿಷದ ಅನಂತರವೋ ಐದು ಗಂಟೆಯ ಅನಂತರವೋ ಎಂಬುದನ್ನು ಕಲ್ಲು ಸುಲಭವಾಗಿ ಹೇಳುವುದಿಲ್ಲ. ಕ್ರಮವನ್ನು ಮಾತ್ರ ಹೇಳಬಲ್ಲದು: ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಕ್ವಾರಿಯೊಂದರಲ್ಲಿ 2024ರಲ್ಲಿ ಅಗೆದು ತೆಗೆದ, 16.6 ಕೋಟಿ ವರ್ಷ ಹಳೆಯ ಸುಮಾರು 200 ಗುರುತುಗಳ ಪೈಕಿ ಒಂದೆಡೆ ಮಾಂಸಾಹಾರಿಯ ಕಾಲು ಸಾರೊಪಾಡ್ ಗುರುತಿನ ಅಂಚನ್ನು ಅಮುಕಿದೆ. ಆದ್ದರಿಂದ ಮಾಂಸಾಹಾರಿ ಆಮೇಲೆ ಬಂದದ್ದು ಖಚಿತ.

ಹೆಜ್ಜೆಸಾಲಿನಿಂದ ವೇಗವನ್ನು ಅಂದಾಜು ಮಾಡುವ ಸೂತ್ರವನ್ನು ಬ್ರಿಟನ್ನಿನ ಪ್ರಾಣಿವಿಜ್ಞಾನಿ ಆರ್. ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಕೊಟ್ಟರು. ಇಂದಿನ ಪ್ರಾಣಿಗಳನ್ನು ಗಮನಿಸಿ, ಒಂದೇ ಕಾಲಿನ ಎರಡು ಅನುಕ್ರಮ ಗುರುತುಗಳ ನಡುವಿನ ದೂರಕ್ಕೂ ಸೊಂಟದ ಎತ್ತರಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಅವರು ಕಂಡುಕೊಂಡರು. ಸೊಂಟದ ಎತ್ತರವನ್ನು ಸ್ಥೂಲವಾಗಿ ಗುರುತಿನ ಉದ್ದದ ನಾಲ್ಕು ಪಟ್ಟು ಎಂದು ಹಿಡಿಯುತ್ತಾರೆ. ಗುರುತು 30 ಸೆಂಟಿಮೀಟರ್ ಇದ್ದರೆ ಸೊಂಟ 1.2 ಮೀಟರ್ ಎತ್ತರದಲ್ಲಿರುತ್ತದೆ. ಒಂದೇ ಕಾಲಿನ ಗುರುತುಗಳ ನಡುವೆ 1.6 ಮೀಟರ್ ಅಂತರವಿದ್ದರೆ ಸೂತ್ರದ ಪ್ರಕಾರ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್, ಎಂದರೆ ನಾವು ಬಿರುಸಾಗಿ ನಡೆಯುವಷ್ಟು. ಅಂತರ ಮೂರು ಪಟ್ಟಾಗಿ 4.8 ಮೀಟರ್ ಆದರೆ ವೇಗ ಆರು ಪಟ್ಟಿಗಿಂತ ಹೆಚ್ಚಾಗಿ, ಗಂಟೆಗೆ 31 ಕಿಲೋಮೀಟರ್ ಮುಟ್ಟುತ್ತದೆ. ಸ್ಪೇನಿನ ಲಾ ರಿಯೊಹಾ ಪ್ರಾಂತ್ಯದಲ್ಲಿನ ಹೆಜ್ಜೆಸಾಲೊಂದರಿಂದ ಗಂಟೆಗೆ ಸುಮಾರು 45 ಕಿಲೋಮೀಟರ್ ತನಕದ ವೇಗವನ್ನು 2021ರಲ್ಲಿ ಲೆಕ್ಕಹಾಕಲಾಯಿತು. ಆದರೆ ಇಂಥವು ವಿರಳ. ಸಿಕ್ಕಿರುವ ಹೆಜ್ಜೆಸಾಲುಗಳಲ್ಲಿ ಬಹುತೇಕ ಎಲ್ಲವೂ ನಡಿಗೆಯವು. ಇದರಲ್ಲಿ ಅಚ್ಚರಿಯೇನಿಲ್ಲ. ಪ್ರಾಣಿಗಳು ದಿನದ ಬಹುಭಾಗ ನಡೆಯುತ್ತವೆ, ಅದರಲ್ಲೂ ಜಾರುವ ಕೆಸರಿನಲ್ಲಿ ಯಾರೂ ಓಡಲು ಹೋಗುವುದಿಲ್ಲ.

ಇವು ಗುಂಪಾಗಿ ತಿರುಗುತ್ತಿದ್ದವೇ ಎಂಬ ಪ್ರಶ್ನೆಗೂ ಹದವೇ ಉತ್ತರ ಕೊಟ್ಟ ಉದಾಹರಣೆ ಇದೆ. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಬಳಿಯ ಸಮಾನಾಂತರ ಹೆಜ್ಜೆಸಾಲುಗಳನ್ನು ನೋಡಿ ಜಾನ್ ಆಸ್ಟ್ರಮ್ 1972ರಲ್ಲಿ ಅವು ಹಿಂಡಾಗಿ ಸಾಗಿದ್ದಿರಬೇಕು ಎಂದರು. ಆದರೆ ಕೆರೆಯ ಏರಿಯ ಮೇಲೆ ಒಬ್ಬೊಬ್ಬರಾಗಿ ಬೇರೆಬೇರೆ ಹೊತ್ತಿನಲ್ಲಿ ನಡೆದುಹೋದವರ ಹೆಜ್ಜೆಗಳೂ ಸಮಾನಾಂತರವಾಗಿಯೇ ಇರುತ್ತವೆ. ದಡದ ಉದ್ದಕ್ಕೂ ನಡೆಯುವ ಪ್ರಾಣಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಟೈರನೊಸಾರ್ ಕುಟುಂಬದ ಮೂರು ಪ್ರಾಣಿಗಳ ಹೆಜ್ಜೆಸಾಲುಗಳನ್ನು ಕುರಿತು 2014ರಲ್ಲಿ ಬರೆದವರು ಈ ಆಕ್ಷೇಪಕ್ಕೆ ಎದುರಾಗಿ ಆಳದ ಸಾಕ್ಷ್ಯವನ್ನು ಮುಂದಿಟ್ಟರು. ಕೆಸರು ಗಂಟೆಗಂಟೆಗೂ ಒಣಗುತ್ತದೆ. ಮೂರೂ ಸಾಲುಗಳು ಒಂದೇ ಆಳಕ್ಕೆ, ಒಂದೇ ಬಗೆಯಲ್ಲಿ ಇಳಿದಿದ್ದರೆ ಅವು ಬಿದ್ದದ್ದೂ ಒಂದೇ ಹೊತ್ತಿನಲ್ಲಿ ಎಂಬ ಅವರ ತರ್ಕ ಬರಿಯ ಸಮಾನಾಂತರದ ತರ್ಕಕ್ಕಿಂತ ಗಟ್ಟಿಯಾದದ್ದು. ಚೀನಾದ ಶಾಂಡಾಂಗ್ ಪ್ರಾಂತ್ಯದಲ್ಲಿ ಎರಡೇ ಬೆರಳಿನ ಗುರುತುಗಳ ಸಾಲುಗಳು ಅಕ್ಕಪಕ್ಕದಲ್ಲಿವೆ. ವೆಲಾಸಿರ್ಯಾಪ್ಟರ್ ಎಂಬ ಥೆರೊಪಾಡ್‌ನ ಬಂಧುಗಳು ಕುಡುಗೋಲಿನಂಥ ಉಗುರಿದ್ದ ಒಳಬೆರಳನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ನಡೆಯುತ್ತಿದ್ದವು ಎಂದು ಮೂಳೆಗಳ ಆಧಾರದ ಮೇಲೆ ಊಹಿಸಿದ್ದನ್ನು ಆ ಗುರುತುಗಳು ದೃಢಪಡಿಸಿದವು.

ಮೂಳೆ ಹೇಳಲಾರದ ಇನ್ನೊಂದು ಸಂಗತಿ ನಿಲುವು. ಥೆರೊಪಾಡ್ ಹೆಜ್ಜೆಸಾಲುಗಳ ನಡುವೆ ಬಾಲ ಎಳೆದ ಗೀರು ಇಲ್ಲವೆನ್ನುವಷ್ಟು ಅಪರೂಪ. ಬಾಲ ನೆಲದಿಂದ ಮೇಲೆ, ಬೆನ್ನಿನ ನೇರಕ್ಕೆ ಚಾಚಿರುತ್ತಿತ್ತು ಎಂಬುದಕ್ಕೆ ಇದು ನೇರ ಸಾಕ್ಷ್ಯ. ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಒಂದು ಪ್ರಾಣಿ ಸುಮಾರು 19.8 ಕೋಟಿ ವರ್ಷಗಳ ಹಿಂದೆ ಕೆರೆದಂಡೆಯ ಇಳಿಜಾರಿನಲ್ಲಿ ಕುಕ್ಕರಿಸಿ ಕುಳಿತು ಮತ್ತೆ ಎದ್ದು ನಡೆದಿದೆ. ಅಲ್ಲಿ ಪೃಷ್ಠದ ಗುರುತಿದೆ, ಬಾಲ ತಾಗಿದ ಗುರುತಿದೆ, ಎಲ್ಲಕ್ಕಿಂತ ಮುಖ್ಯವಾಗಿ ಎರಡು ಕೈಗಳ ಗುರುತಿದೆ. ಕೈಗಳು ತಾಗಿರುವುದು ಅಂಗೈಯಿಂದ ಅಲ್ಲ, ಪಕ್ಕದಿಂದ. ಎಂದರೆ ಅಂಗೈಗಳು ಚಪ್ಪಾಳೆಗೆ ಸಿದ್ಧವಾದಂತೆ ಒಂದಕ್ಕೊಂದು ಎದುರಾಗಿದ್ದವು. ಅಂಗೈಯನ್ನು ನೆಲದ ಕಡೆಗೆ ಇಳಿಬಿಟ್ಟು ಓಡುವ ಸಿನಿಮಾ ಡೈನೋಸಾರ್‌ಗಳ ಭಂಗಿ ತಪ್ಪೆಂಬುದಕ್ಕೆ ಇದೊಂದೇ ಚಪ್ಪಡಿ ಸಾಕು.

ಭಾರತದಲ್ಲಿ ರಾಜಸ್ಥಾನದ ಜೈಸಲ್ಮೇರ್ ಸಮೀಪದ ಥಯಾಟ್ ದಿಬ್ಬದಲ್ಲಿ, 2014ರಲ್ಲಿ ಜೈಪುರದಲ್ಲಿ ನಡೆದ ಜುರಾಸಿಕ್ ಅಧ್ಯಯನಕಾರರ ಅಂತರರಾಷ್ಟ್ರೀಯ ಸಮ್ಮೇಳನದ ಸಂದರ್ಭದಲ್ಲಿ ಎರಡು ಬಗೆಯ ಥೆರೊಪಾಡ್ ಗುರುತುಗಳು ಪತ್ತೆಯಾದವು. ಸುಮಾರು 30 ಸೆಂಟಿಮೀಟರಿನದು ಯೂಬ್ರಾಂಟಿಸ್ ಬಗೆಯದು, ಸುಮಾರು 5.5 ಸೆಂಟಿಮೀಟರಿನದು ಗ್ರಾಲೇಟರ್; ಕನೆಕ್ಟಿಕಟ್ ಕಣಿವೆಯ ಹೆಸರುಗಳೇ ಇಲ್ಲಿಗೂ ಸಲ್ಲುತ್ತವೆ. ಜುರಾಸಿಕ್ ಯುಗದ ಆರಂಭದಲ್ಲಿ ಖಂಡಗಳು ಇನ್ನೂ ಬಹುಮಟ್ಟಿಗೆ ಕೂಡಿಕೊಂಡಿದ್ದರಿಂದ ಹತ್ತಿರದ ಬಂಧುಗಳೇ ಎರಡೂ ಕಡೆ ಇದ್ದಿರುವುದು ಅಸಂಭವವಲ್ಲ, ಆದರೆ ಗುರುತಿನ ಹೆಸರು ಒಂದೇ ಎಂದಮಾತ್ರಕ್ಕೆ ಪ್ರಾಣಿಯೂ ಒಂದೇ ಆಗಬೇಕಾಗಿಲ್ಲ. ಇಂದು ಮರುಭೂಮಿಯಾಗಿರುವ ಆ ನೆಲ ಆಗ ಕಡಲತೀರವಾಗಿತ್ತು. ಕರ್ನಾಟಕದಲ್ಲಿ ಇಂಥವನ್ನು ಹುಡುಕುವ ಆಸೆ ಹುಟ್ಟುವುದು ಸಹಜವಾದರೂ ನಮ್ಮ ಬಂಡೆಗಳ ವಯಸ್ಸು ಅದಕ್ಕೆ ಒದಗುವುದಿಲ್ಲ. ದಕ್ಷಿಣದ ನೈಸ್ ಶಿಲೆಗಳು ಭೂಮಿಯ ಅತಿ ಹಳೆಯ ಹೊರಪದರದ ತುಣುಕುಗಳು. ಉತ್ತರದ ಗಡಿಜಿಲ್ಲೆಗಳ ಕಪ್ಪುಕಲ್ಲು ಹರಿದು ಹೆಪ್ಪುಗಟ್ಟಿದ ಲಾವಾ. ಬಾದಾಮಿಯ ಮರಳುಗಲ್ಲಿನಲ್ಲಿ ನೀರಿನ ಅಲೆಗಳು ಮರಳಿನ ಮೇಲೆ ಬಿಟ್ಟ ಗೆರೆಗಳು ಇಂದಿಗೂ ಕಾಣುತ್ತವೆ, ಎಂದರೆ ಹೆಜ್ಜೆಗುರುತಿಗೆ ಬೇಕಾದ ನೆಲವೂ ಹದವೂ ಅಲ್ಲಿದ್ದವು. ಆದರೆ ಅದು ನೆಲದ ಮೇಲೆ ನಡೆಯುವ ಕಾಲುಗಳೇ ಇನ್ನೂ ಹುಟ್ಟಿರದ ಕಾಲ.

ಈಗಿನ ಸಂಶೋಧಕರು ಗುರುತನ್ನು ಓದಲು ಮತ್ತೆ ಕೋಳಿಯ ಕಡೆಗೇ ತಿರುಗಿದ್ದಾರೆ. ಗ್ರೀನ್‌ಲ್ಯಾಂಡಿನ ಥೆರೊಪಾಡ್ ಗುರುತುಗಳನ್ನು ಅರ್ಥಮಾಡಿಕೊಳ್ಳಲು ಸ್ಟೀಫನ್ ಗೇಟ್ಸಿ ಮತ್ತು ಸಂಗಡಿಗರು 1999ರಲ್ಲಿ ಟರ್ಕಿ ಕೋಳಿಯನ್ನೂ ಗಿನಿಕೋಳಿಯನ್ನೂ ಕೆಸರಿನಲ್ಲಿ ನಡೆಸಿ ನೋಡಿದರು. ಮುಂದೆ 2014ರಲ್ಲಿ ಗೇಟ್ಸಿ ಮತ್ತು ಪೀಟರ್ ಫಾಕಿಂಗ್‌ಹ್ಯಾಮ್ ಗಿನಿಕೋಳಿಯನ್ನು ಗಸಗಸೆಯ ರಾಶಿಯ ಮೇಲೆ ನಡೆಸಿ, ಕಾಳುಗಳೊಳಗೆ ಹುದುಗಿದ ಕಾಲಿನ ಚಲನೆಯನ್ನು ಎಕ್ಸ್-ರೇ ಮೂಲಕ ಚಿತ್ರೀಕರಿಸಿದರು. ಕಾಲು ಇಳಿಯುವಾಗ ಬೆರಳುಗಳು ಹರಡಿಕೊಂಡಿರುತ್ತವೆ, ಮೇಲೇಳುವಾಗ ಒಂದಕ್ಕೊಂದು ಕೂಡಿಕೊಂಡು ಇಳಿದ ಜಾಗಕ್ಕಿಂತ ಮುಂದೆ ಹೊರಬರುತ್ತವೆ. ಅಕ್ಕಪಕ್ಕದ ಕಾಳುಗಳು ಕುಸಿದು ದಾರಿಯನ್ನು ಮುಚ್ಚುತ್ತವೆ. ಹಿಚ್‌ಕಾಕ್ ಅವರು ಒಂದೇ ಹೆಜ್ಜೆ ಹಾಯ್ದುಹೋದ ತೆಳುವಾದ ಕಲ್ಲಿನ ಪದರಗಳನ್ನು ಬಿಡಿಸಿ, ಪುಸ್ತಕದ ಹಾಳೆಗಳಂತೆ ಜೋಡಿಸಿ ಇಟ್ಟಿದ್ದರು. ಆ ಹಾಳೆಗಳಲ್ಲಿ ಮೇಲಿನಿಂದ ಕೆಳಕ್ಕೆ ಹೋದಂತೆ ಗುರುತಿನ ರೂಪ ಬದಲಾಗುತ್ತ, ಬೆರಳುಗಳು ಕೇವಲ ಸೀಳುಗಳಾಗುತ್ತ ಹೋಗುತ್ತವೆ. ಅವರು ಹಕ್ಕಿಯದೆಂದು ನಂಬಿದ್ದ ಅಂಥ ಗುರುತುಗಳ ಆಳದಲ್ಲಿ ಕಾಲು ಹೇಗೆ ಚಲಿಸಿರಬೇಕು ಎಂಬುದನ್ನು ಈಗ ವಿವರಿಸುತ್ತಿರುವುದು ಗಸಗಸೆಯಲ್ಲಿ ನಡೆದ ಗಿನಿಕೋಳಿ.